ಎಐಗೆ ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಕಲಿಸುವುದು: ಮೊದಲು ನೋಟ್‌ಬುಕ್, ಆಮೇಲೆ ಫೋನ್

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು. ಮಗಳು ಒಂಬತ್ತನೇ ತರಗತಿ, ಮಗ ಏಳನೇ ತರಗತಿ. ಇಬ್ಬರದೂ ಕನ್ನಡ ಮಾಧ್ಯಮ. ಮನೆಯಲ್ಲಿ ಇರೋದು ಒಂದೇ ಸ್ಮಾರ್ಟ್‌ಫೋನ್, ಅದು ಮಕ್ಕಳ ಕೈಗೆ ಸಿಗೋದು ಅವರಪ್ಪ ರಾತ್ರಿ ಹೊಲದಿಂದ ಬಂದ ಮೇಲೆ. ಈಗ ಹೋಂವರ್ಕ್‌ಗೆಲ್ಲ ಎಐ ಕೇಳುತ್ತಾರೆ. "ಮಸ್ಕಿ ಶಾಸನದ ಬಗ್ಗೆ ಹೇಳು", "ಈ ಲೆಕ್ಕ ಬಿಡಿಸು" ಅಂತಾರೆ, ಬಂದದ್ದನ್ನು ಹಾಗೇ ಇಳಿಸಿಕೊಳ್ಳುತ್ತಾರೆ. ಎಷ್ಟೋ ಸಲ ಅದು ತಪ್ಪು ಅಂತ ಟೀಚರ್ ಗೆರೆ ಹೊಡೆದು ಕಳಿಸುತ್ತಾರೆ. "ಸರಿಯಾಗಿ ಕೇಳೋದು ಕಲಿಸಿ" ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಕಲಿಸಬೇಕು? ನಾನು ಓದಿದ್ದು ಪಿಯುಸಿವರೆಗೆ, ನನ್ನಿಂದ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಇದಕ್ಕೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ, ಮಕ್ಕಳ ಪಾಠ ನಿಮಗೆ ಬರಬೇಕು ಅಂತಲೂ ಇಲ್ಲ. ತಮಗೆ ಎಷ್ಟು ಗೊತ್ತಿದೆ, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ನೋಡಿಕೊಳ್ಳದೆ ಕೇಳಿಬಿಡುವುದೇ ನಿಮ್ಮ ಮಕ್ಕಳ ತೊಂದರೆ. ಅದನ್ನು ತಿದ್ದಲು ಬೇಕಾಗುವುದು ಒಂದು ನೋಟ್‌ಬುಕ್ ಮತ್ತು ಪಕ್ಕದಲ್ಲಿ ಕೂರುವ ಒಬ್ಬರು ದೊಡ್ಡವರು.

ಮೊದಲು ಈ ಎಐ ಹೇಗೆ ಉತ್ತರ ಕೊಡುತ್ತದೆ ಎಂಬುದನ್ನು ಒಂದಿಷ್ಟು ತಿಳಿದುಕೊಳ್ಳಿ, ಯಾಕೆಂದರೆ ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಮಗನನ್ನು ಕಿರಾಣಿ ಅಂಗಡಿಗೆ ಕಳಿಸಿ "ಬೇಳೆ ಕೊಡಿ" ಅನ್ನಿಸಿದರೆ, ಅಂಗಡಿಯವರು "ಯಾವ ಬೇಳೆ, ಎಷ್ಟು?" ಎಂದು ಕೇಳುತ್ತಾರೆ. ಎಐ ಹೆಚ್ಚಿನ ಸಲ ಹಾಗೆ ತಿರುಗಿ ಕೇಳುವುದಿಲ್ಲ. ಅದು ಓದಿಕೊಂಡಿರುವ ಅಪಾರ ಬರಹದ ಆಧಾರದ ಮೇಲೆ, ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತಾ ಸ್ವಲ್ಪಸ್ವಲ್ಪವೇ ಉತ್ತರ ಬರೆಯುತ್ತಾ ಹೋಗುತ್ತದೆ. ಪ್ರಶ್ನೆಯಲ್ಲಿ ನೀವು ಹೇಳದೆ ಬಿಟ್ಟ ಜಾಗವನ್ನು ಎಲ್ಲೆಡೆ ಹೆಚ್ಚು ರೂಢಿಯಲ್ಲಿರುವ ಸಂಗತಿಯಿಂದ ತುಂಬಿಕೊಳ್ಳುತ್ತದೆ. ಅದು ಓದಿದ ಬರಹದಲ್ಲಿ ಇಂಗ್ಲಿಷೇ ಬಹುಪಾಲು, ಕನ್ನಡದ್ದು ತೀರಾ ಕಡಿಮೆ, ಸಿಂಧನೂರಿನ ಸಂಗತಿಯಂತೂ ಹನಿಯಷ್ಟು. ಹಾಗಾಗಿ ತುಂಬಿಕೊಂಡದ್ದು ಬೇರೆ ಊರಿನದಾಗಿರುವ ಸಂಭವವೇ ಹೆಚ್ಚು. ಖಾಲಿ ಜಾಗ ಎಲ್ಲಿದೆ ಎಂದು ಮಗು ತಾನೇ ಕಂಡುಕೊಳ್ಳಬೇಕು. ಕಲಿಸಬೇಕಾದದ್ದು ಮುಖ್ಯವಾಗಿ ಇಷ್ಟೇ.

ನಿಮ್ಮ ಮನೆಗೆ ಹತ್ತಿರದ ಒಂದು ಲೆಕ್ಕ ತೆಗೆದುಕೊಳ್ಳೋಣ. ಮಗ ಹೀಗೆ ಕೇಳಿದ ಎಂದಿಟ್ಟುಕೊಳ್ಳಿ: "ನಮ್ಮ ಹೊಲ 1.20 ಎಕರೆ. ಎಕರೆಗೆ 40 ಚೀಲ ಭತ್ತ. ಒಟ್ಟು ಎಷ್ಟು ಕ್ವಿಂಟಲ್?" ಹೊಲದ ಲೆಕ್ಕ ಬಲ್ಲವರಿಗೆ 1.20 ಎಂದರೆ 1 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆಯಾದ್ದರಿಂದ ಅದು ಒಂದೂವರೆ ಎಕರೆ. ಎಐ ಅದನ್ನು ದಶಮಾಂಶ ಎಂದು ಓದಿಕೊಂಡರೆ 1 ಎಕರೆ 8 ಗುಂಟೆಯಾಗುತ್ತದೆ. ಇನ್ನು ಚೀಲ. ನಿಮ್ಮ ಕಡೆ ಭತ್ತದ ವ್ಯಾಪಾರದಲ್ಲಿ ಚೀಲ ಎಂದರೆ 75 ಕೆಜಿ. ಎಐ ಅದನ್ನು 50 ಕೆಜಿ ಎಂದುಕೊಳ್ಳಬಹುದು. ನಿಮ್ಮ ಲೆಕ್ಕದಲ್ಲಿ ಒಂದೂವರೆ ಎಕರೆಗೆ 60 ಚೀಲ, 4,500 ಕೆಜಿ, ಅಂದರೆ 45 ಕ್ವಿಂಟಲ್. ಅದರ ಲೆಕ್ಕದಲ್ಲಿ 48 ಚೀಲ, 2,400 ಕೆಜಿ, 24 ಕ್ವಿಂಟಲ್. ಹತ್ತಿರ ಹತ್ತಿರ ಅರ್ಧ! ಗುಣಾಕಾರ, ಭಾಗಾಕಾರ ಎಲ್ಲೂ ತಪ್ಪಿಲ್ಲ, ಅದಕ್ಕೇ ಮಗುವಿಗೆ ಅನುಮಾನ ಬರುವುದಿಲ್ಲ. ತಪ್ಪು ಇದ್ದದ್ದು ಪ್ರಶ್ನೆಯ ಎರಡು ಖಾಲಿ ಜಾಗಗಳಲ್ಲಿ.

ಅದನ್ನೇ ಹೀಗೆ ಬರೆಸಿ: "ನಮ್ಮ ಹೊಲ 1 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ. ಎಕರೆಗೆ 40 ಚೀಲ ಭತ್ತ ಬರುತ್ತದೆ, ಒಂದು ಚೀಲ 75 ಕೆಜಿ. ಒಟ್ಟು ಎಷ್ಟು ಕ್ವಿಂಟಲ್? ಒಂದೊಂದೇ ಹಂತ ತೋರಿಸು." ಎರಡೂ ಪ್ರಶ್ನೆಗಳನ್ನು ಬೇರೆ ಬೇರೆ ಚಾಟ್‌ನಲ್ಲಿ ಕೇಳಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಮೊದಲ ಪ್ರಶ್ನೆಗೂ ಒಮ್ಮೊಮ್ಮೆ ಸರಿ ಉತ್ತರ ಬರಬಹುದು. ಆಗ "ಚೀಲ ಎಷ್ಟು ಕೆಜಿ ಅಂತ ಅದು ಎಲ್ಲಿಂದ ತಂದಿತು?" ಎಂದು ಮಗನನ್ನೇ ಕೇಳಿ.

ಈಗ ಅಭ್ಯಾಸದ ಮಾತು. ಮೊದಲ ವಾರ ಫೋನ್ ಮುಟ್ಟುವುದೇ ಬೇಡ. ಚುಕ್ಕಿ ರಂಗೋಲಿಯಿಂದ ಶುರು ಮಾಡಿ. ಮಗಳು ಕಾಗದದ ಮೇಲೆ ಒಂದು ಚಿಕ್ಕ ರಂಗೋಲಿ ಹಾಕಿಕೊಳ್ಳಲಿ, 5 ಚುಕ್ಕಿಯದು ಸಾಕು. ತಮ್ಮನಿಗೆ ಬೆನ್ನು ಮಾಡಿ ಕೂತು, ಬರೀ ಮಾತಿನಲ್ಲಿ ಹೇಳಿ ಅವನಿಂದ ಅದೇ ರಂಗೋಲಿ ಬರೆಸಬೇಕು. ಅವನು ತಿರುಗಿ ಪ್ರಶ್ನೆ ಕೇಳುವಂತಿಲ್ಲ, ಹೇಳಿದಷ್ಟೇ ಬರೆಯಬೇಕು. "5 ಚುಕ್ಕಿ, 5 ಸಾಲು" ಎಂದಷ್ಟೇ ಹೇಳಿದರೆ ಚುಕ್ಕಿಗಳು ಒಂದರ ಕೆಳಗೊಂದು ನೇರ ಬರಬೇಕೋ, ಮೇಲಿನ ಎರಡು ಚುಕ್ಕಿಗಳ ಸಂದಿನ ಕೆಳಗೆ ಬರಬೇಕೋ ಅವನಿಗೆ ಗೊತ್ತಾಗುವುದಿಲ್ಲ, ತನಗೆ ತೋಚಿದ್ದು ಹಾಕುತ್ತಾನೆ. ಚಿತ್ರ ಕೆಟ್ಟಾಗ ಮೊದಲು ಬರುವ ಮಾತು "ನೀನ್ಯಾಕ ಹಂಗ ಹಾಕಿದಿ?" ಎಂಬುದು. ಅಲ್ಲಿ ನೀವು ತಡೆದು, "ಅವನಿಗೆ ಏನು ಹೇಳಿರಲಿಲ್ಲ?" ಎಂದು ಮಗಳನ್ನು ಕೇಳಿ. ಆಮೇಲೆ ತಮ್ಮ ಹೇಳಲಿ, ಅಕ್ಕ ಬರೆಯಲಿ. ದಿನಕ್ಕೆ ಹತ್ತು ನಿಮಿಷ ಸಾಕು. ನಾಲ್ಕೈದು ದಿನಕ್ಕೆ ಇಬ್ಬರೂ ಹೇಳುವ ಮುಂಚೆ ಒಂದು ಗಳಿಗೆ ನಿಂತು ಯೋಚಿಸತೊಡಗುತ್ತಾರೆ. ಎಐಗೆ ಕೇಳುವಾಗ ಬೇಕಾದದ್ದು ಅದೇ ತಡೆ.

ಎರಡನೇ ವಾರ ನೋಟ್‌ಬುಕ್. ಒಂದು ಪುಟಕ್ಕೆ ಒಂದೇ ಪ್ರಶ್ನೆ, ನಾಲ್ಕು ಸಾಲು: ನನಗೆ ಗೊತ್ತಿರೋದು, ಸಿಕ್ಕಿಕೊಂಡಿರೋ ಜಾಗ, ಉತ್ತರ ಹೇಗೆ ಬೇಕು, ಎಲ್ಲಿ ತಾಳೆ ನೋಡ್ತೀನಿ. ಈ ನಾಲ್ಕು ಬರೆಯದೆ ಫೋನ್ ಇಲ್ಲ ಎಂಬುದು ಮನೆಯ ಕಟ್ಟುನಿಟ್ಟಾಗಲಿ. ಫೋನ್ ರಾತ್ರಿ ಸಿಗುವುದು ನಿಮಗೆ ಅಡ್ಡಿ ಅನ್ನಿಸಿರಬಹುದು, ಈ ಕೆಲಸಕ್ಕೆ ಅದು ಅನುಕೂಲವೇ. ಸಂಜೆ ಓದುವಾಗ ಪುಟ ತುಂಬಿಸಿಟ್ಟುಕೊಳ್ಳಲಿ, ಫೋನ್ ಬಂದ ಮೇಲೆ 15–20 ನಿಮಿಷ ಸಾಕಾಗುತ್ತದೆ. "ಗೊತ್ತಿರೋದು" ಸಾಲು ಬರೆಯುತ್ತಾ ಬರೆಯುತ್ತಾ ಎಷ್ಟೋ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಹಾಗಾದ ಪುಟಕ್ಕೆ ಒಂದು ಗುರುತು ಹಾಕಿಸಿ, ಅದೂ ಲೆಕ್ಕಕ್ಕೆ ಬರಬೇಕು.

ಮಸ್ಕಿ ಶಾಸನವನ್ನೇ ನೋಡೋಣ. "ಮಸ್ಕಿ ಶಾಸನದ ಬಗ್ಗೆ ಹೇಳು" ಎಂದರೆ ಬರುವುದು ಎಲ್ಲಕ್ಕೂ ಹೊಂದುವಂಥ ಒಂದು ಪುಟ: ಅಶೋಕ ಮಹಾನ್ ಚಕ್ರವರ್ತಿ, ಶಾಸನಕ್ಕೆ ಐತಿಹಾಸಿಕ ಮಹತ್ವವಿದೆ, ಪ್ರವಾಸಿಗರು ನೋಡಬೇಕಾದ ತಾಣ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲೂ ಅಶೋಕನ ಶಾಸನಗಳಿವೆ. ಆ ವಿವರ ಇದರಲ್ಲಿ ಬೆರೆತು ಬಂದರೂ ಬರಬಹುದು. ಮಗಳ ನೋಟ್‌ಬುಕ್ ಹೀಗಿರಲಿ:

ಗೊತ್ತಿರೋದು: ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 1915ರಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಪತ್ತೆ ಹಚ್ಚಿದರು.
ಸಿಕ್ಕಿಕೊಂಡಿರೋ ಜಾಗ: ಅಶೋಕನ ಶಾಸನ ಬೇರೆ ಕಡೆಯೂ ಇವೆ. ಹಾಗಿದ್ದರೆ ಮಸ್ಕಿಗೇ ಯಾಕೆ ಇಷ್ಟು ಹೆಸರು?
ಹೇಗೆ ಬೇಕು: ಒಂಬತ್ತನೇ ತರಗತಿಯವರಿಗೆ ತಿಳಿಯುವಂತೆ 6 ವಾಕ್ಯ, ಕನ್ನಡದಲ್ಲಿ, ಕಾರಣ ಮೊದಲು.
ತಾಳೆ: ಸಮಾಜ ವಿಜ್ಞಾನ ಪುಸ್ತಕ, ಟೀಚರ್.

ಈ ನಾಲ್ಕನ್ನು ಸೇರಿಸಿ ಕೇಳಿದರೆ ಉತ್ತರ ಗುರಿ ಮುಟ್ಟುತ್ತದೆ. ಉಳಿದ ಎಷ್ಟೋ ಶಾಸನಗಳಲ್ಲಿ ರಾಜನನ್ನು "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂದಷ್ಟೇ ಕರೆದಿದೆ, ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇದೆ. ದೇವಾನಾಂಪ್ರಿಯನೇ ಅಶೋಕ ಎಂಬುದು ಅದರಿಂದ ಗಟ್ಟಿಯಾಯಿತು. ಆದರೆ ಇಲ್ಲೇ ಒಂದು ಬಲೆ ಇದೆ. "ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು" ಎಂಬ ಮಾತು ಬಹಳ ಕಡೆ ಬರೆದಿರುವುದರಿಂದ ಎಐ ಕೂಡ ಅದನ್ನೇ ಹೇಳಬಹುದು. ಅದು ಸರಿಯಲ್ಲ. ಮಧ್ಯಪ್ರದೇಶದ ಗುಜರ್ರಾದಲ್ಲಿ, ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂನಲ್ಲಿ ಕೂಡ ಆ ಹೆಸರಿದೆ. ಮಸ್ಕಿಯದು ಮೊದಲು ಸಿಕ್ಕಿದ್ದು. ಆದ್ದರಿಂದ ಉತ್ತರದಲ್ಲಿ "ಏಕೈಕ", "ಮೊಟ್ಟಮೊದಲ", "ಎಲ್ಲ", "ಎಂದೂ ಇಲ್ಲ" ಎಂಬ ಪದ ಕಂಡ ಕೂಡಲೇ ಅದರ ಕೆಳಗೆ ಗೆರೆ ಎಳೆಯುವ ರೂಢಿ ಮಾಡಿಸಿ. ಗೆರೆ ಎಳೆದ ಪ್ರತಿ ಮಾತಿಗೂ ಮುಂದಿನ ಪ್ರಶ್ನೆ ಹುಟ್ಟಬೇಕು: "ಅಶೋಕ ಎಂಬ ಹೆಸರು ಬೇರೆ ಯಾವ ಶಾಸನಗಳಲ್ಲಿದೆ? ಊರಿನ ಹೆಸರು ಕೊಡು." ಒಂದೇ ಸಲ ಕೇಳಿ ನಿಲ್ಲಿಸುವ ಮಗುವಿಗಿಂತ ಮೂರು ಸಲ ಬೆನ್ನು ಹತ್ತಿ ಕೇಳುವ ಮಗು ಹೆಚ್ಚು ಕಲಿಯುತ್ತದೆ.

ಲೆಕ್ಕಕ್ಕೆ ದಾರಿ ಸ್ವಲ್ಪ ಬೇರೆ. "ಬಿಡಿಸಿಕೊಡು" ಎಂಬ ಪದವನ್ನೇ ಬಿಡಿಸಿ. ಮಗ 2/3 + 1/4 ಮಾಡಿ 3/7 ಎಂದು ಬರೆದಿದ್ದಾನೆ ಎನ್ನಿ. ಕೇಳಬೇಕಾದದ್ದು: "2/3 ಮತ್ತು 1/4 ಕೂಡಿಸುವಾಗ ಮೇಲಿನ ಅಂಕೆಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 3/7 ಬರೆದೆ. ಪುಸ್ತಕದ ಹಿಂದೆ 11/12 ಇದೆ. ನನ್ನ ವಿಧಾನ ಯಾಕೆ ತಪ್ಪು ಅಂತ ಮಾತ್ರ ಹೇಳು. ಪೂರ್ತಿ ಬಿಡಿಸಬೇಡ, ಮುಂದಿನ ಹಂತ ನಾನೇ ಮಾಡ್ತೀನಿ." ತಾನು ಮಾಡಿದ್ದನ್ನು ಮುಂದಿಟ್ಟಾಗ ಉತ್ತರ ಅವನ ತಪ್ಪಿನ ಮೇಲೇ ಬಂದು ಕೂರುತ್ತದೆ: 3/7 ಎಂಬುದು 2/3ಕ್ಕಿಂತ ಚಿಕ್ಕದು, ಕೂಡಿಸಿದ ಮೇಲೆ ಇದ್ದದ್ದಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ? ಇದು ಒಮ್ಮೆ ಹೊಳೆದರೆ ಭಿನ್ನರಾಶಿ ಕೂಡಿಸುವಾಗ ಆ ತಪ್ಪು ಮತ್ತೆ ಸುಲಭಕ್ಕೆ ಆಗುವುದಿಲ್ಲ. ಪೂರ್ತಿ ಬಿಡಿಸಿದ ಉತ್ತರವನ್ನು ಇಳಿಸಿಕೊಂಡರೆ ನಾಳೆ ಇನ್ನೊಂದು ಲೆಕ್ಕದಲ್ಲಿ ಅದೇ ತಪ್ಪು.

ಕೇಳುವ ರೀತಿಯಲ್ಲೇ ಉತ್ತರ ಅಡಗಿರುವ ಪ್ರಶ್ನೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. "ತುಂಗಭದ್ರಾ ಡ್ಯಾಂ ಗೇಟ್‌ಗಳೆಲ್ಲ ಯಾಕೆ ಕಿತ್ತುಹೋದವು?" ಎಂದು ಕೇಳಿದರೆ, ಎಲ್ಲ ಗೇಟ್ ಹೋಗಿವೆ ಎಂಬುದನ್ನು ಒಪ್ಪಿಕೊಂಡೇ ಅದು ಕಾರಣ ಕಟ್ಟಲು ಶುರುಮಾಡಬಹುದು. 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದದ್ದು 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಒಂದೇ, ಅದರ ಚೈನ್ ತುಂಡಾಗಿ. ಎಡದಂಡೆ ಕಾಲುವೆಯ ನೀರು ನಂಬಿದ ಮನೆಯ ಮಕ್ಕಳಿಗೆ ಇದು ದೊಡ್ಡವರ ಬಾಯಲ್ಲಿ ಕೇಳಿದ ಸಂಗತಿ, ಹಾಗಾಗಿ ಅಭ್ಯಾಸಕ್ಕೆ ಒಳ್ಳೆಯ ಉದಾಹರಣೆ. "2024ರಲ್ಲಿ ತುಂಗಭದ್ರಾ ಅಣೆಕಟ್ಟಿನ ಗೇಟ್‌ಗೆ ಏನಾಯಿತು? ಎಷ್ಟು ಗೇಟ್, ಯಾವ ದಿನ, ಕಾರಣ ಏನು?" ಎಂದು ಬಿಚ್ಚಿ ಕೇಳಬೇಕು. ಪ್ರಶ್ನೆಯ ಕೊನೆಗೆ "ಅಲ್ವಾ?", "ಹೌದಲ್ಲ?" ಸೇರಿಸುವುದೂ ಇದೇ ದೋಷ. ಎಐಗೆ ಕೇಳುವವರ ಮಾತಿಗೆ ತಲೆಯಾಡಿಸುವ ಗುಣ ಇದೆ.

ಇದೇ ಗುಣದಿಂದ ಇನ್ನೊಂದು ಪೇಚು. ಉತ್ತರ ಪರೀಕ್ಷಿಸಲು ಮಕ್ಕಳು "ಖರೇನಾ? ಇನ್ನೊಮ್ಮೆ ನೋಡು" ಎಂದು ಅದನ್ನೇ ಕೇಳುತ್ತಾರೆ. ಸರಿಯಾಗಿದ್ದ ಉತ್ತರವನ್ನೂ ಕ್ಷಮೆ ಕೇಳಿ ಬದಲಿಸಿಬಿಡುವುದುಂಟು, ತಪ್ಪನ್ನೇ ಇನ್ನಷ್ಟು ಧೈರ್ಯದಿಂದ ಹೇಳುವುದೂ ಉಂಟು. ಅದು ತಾಳೆ ನೋಡಿದಂತಾಗುವುದಿಲ್ಲ. ಲೆಕ್ಕವಾದರೆ ಉತ್ತರದಿಂದ ಹಿಂದಕ್ಕೆ ಮಾಡಿ ನೋಡಬೇಕು: 45 ಕ್ವಿಂಟಲ್ ಅಂದರೆ 4,500 ಕೆಜಿ, 75ರಿಂದ ಭಾಗಿಸಿದರೆ 60 ಚೀಲ, ಒಂದೂವರೆ ಎಕರೆಗೆ ಹಂಚಿದರೆ 40. ಸಮಾಜ, ವಿಜ್ಞಾನವಾದರೆ ಪಠ್ಯಪುಸ್ತಕದ ಪುಟ ತೆರೆಯಬೇಕು. "ಯಾವ ಪುಟದಲ್ಲಿದೆ?" ಎಂದು ಎಐಯನ್ನು ಕೇಳಿದರೆ ಇಲ್ಲದ ಪುಟಸಂಖ್ಯೆಯನ್ನೂ ಸಲೀಸಾಗಿ ಹೇಳೀತು. ಪುಸ್ತಕವನ್ನು ಮಗುವೇ ಬಿಡಿಸಿ ಹುಡುಕಲಿ.

ಇಂಗ್ಲಿಷ್‌ನಲ್ಲೇ ಕೇಳಬೇಕು ಎಂಬ ಭಯ ಬೇಡ. ಪಠ್ಯಪುಸ್ತಕದ ವಿಷಯಗಳಿಗೆ ಕನ್ನಡದಲ್ಲಿ ಕೇಳಿದರೂ ಒಳ್ಳೆಯ ಉತ್ತರ ಬರುತ್ತದೆ, ಮತ್ತು ಮಗು ಸ್ಪಷ್ಟವಾಗಿ ಯೋಚಿಸುವ ಭಾಷೆಯಲ್ಲೇ ಪ್ರಶ್ನೆ ಸ್ಪಷ್ಟವಾಗುತ್ತದೆ. ಪಾರಿಭಾಷಿಕ ಪದ ಮಾತ್ರ ಪುಸ್ತಕದ್ದೇ ಇರಲಿ: "ನಮ್ಮ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಅಂತ ಇದೆ, ಅದೇ ಪದ ಬಳಸು." ಲ.ಸಾ.ಅ., ಮ.ಸಾ.ಅ. ಎಂದು ಚಿಕ್ಕದಾಗಿ ಬರೆದರೆ ಗೊಂದಲವಾದೀತು. ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಪೂರ್ತಿ ಬರೆಯಲಿ. ಜೋಳ ಎಂದರೆ ಮೆಕ್ಕೆಜೋಳದ ಉತ್ತರ ಬಂದೀತು, "ರೊಟ್ಟಿ ಮಾಡುವ ಬಿಳಿ ಜೋಳ" ಎಂದರೆ ಬಾರದು.

ಮೈಕ್ ಒತ್ತಿ ಮಾತಾಡಿ ಕೇಳುವುದಾದರೆ ಕಳಿಸುವ ಮುಂಚೆ ಪರದೆಯ ಮೇಲೆ ಬಂದ ಸಾಲನ್ನು ಓದಲೇಬೇಕು. ನಿಮ್ಮ ಕಡೆಯ ಮಾತನ್ನು ಅದು ಹಲವು ಸಲ ತಪ್ಪಾಗಿ ಬರೆದುಕೊಳ್ಳುತ್ತದೆ. ಊರಿನ ಹೆಸರು ಮತ್ತು ಅಂಕೆಗಳಲ್ಲಿ ತಪ್ಪು ಹೆಚ್ಚು. ಫೋಟೊ ತೆಗೆದು ಕೇಳುವುದಾದರೆ ಪುಟ ಚಪ್ಪಟೆಯಾಗಿರಲಿ, ಕೈ ನೆರಳು ಬೀಳದಿರಲಿ, ಒಂದು ಫೋಟೊದಲ್ಲಿ ಒಂದೇ ಲೆಕ್ಕ ಇರಲಿ. ಒತ್ತಕ್ಷರ, ಭಿನ್ನರಾಶಿಯ ಗೆರೆ, ಘಾತಸಂಖ್ಯೆಯನ್ನು ತಪ್ಪು ಓದಬಹುದು. 2ರ ಘಾತ 3 ಎಂಬುದು 23 ಆಗಿಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ಅದಕ್ಕೇ ಮೊದಲ ಮಾತು ಹೀಗಿರಲಿ: "ಚಿತ್ರದಲ್ಲಿರುವ ಲೆಕ್ಕವನ್ನು ಹಾಗೇ ಬರೆದು ತೋರಿಸು, ಇನ್ನೂ ಬಿಡಿಸಬೇಡ." ಸರಿಯಾಗಿ ಓದಿದೆ ಎಂದು ಮಗು ನೋಡಿಕೊಂಡ ಮೇಲೆ ಮುಂದಿನ ಪ್ರಶ್ನೆ.

ವಿಷಯ ಬದಲಾದರೆ ಹೊಸ ಚಾಟ್ ತೆರೆಯಬೇಕು. ಅಶೋಕನ ಬಗ್ಗೆ ಕೇಳುತ್ತಿದ್ದ ಚಾಟ್‌ನಲ್ಲೇ "ಯುದ್ಧ ಯಾವಾಗ ಆಯ್ತು?" ಎಂದರೆ ಕಳಿಂಗ ಯುದ್ಧ ಬರುತ್ತದೆ, ಮಗು ಕೇಳಬೇಕೆಂದಿದ್ದದ್ದು 1520ರ ರಾಯಚೂರು ಯುದ್ಧ ಇದ್ದರೂ. ಅಕ್ಕ-ತಮ್ಮ ಒಂದೇ ಫೋನ್ ಬಳಸುವುದರಿಂದ ನಿಮ್ಮ ಮನೆಯಲ್ಲಿ ಇದು ಹೆಚ್ಚು ಆಗುತ್ತದೆ.

ಪ್ರಬಂಧದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. "ಪ್ರಬಂಧ ಬರೆದುಕೊಡು" ಎಂಬ ಪ್ರಶ್ನೆಯನ್ನು ಎಷ್ಟೇ ಸ್ಪಷ್ಟವಾಗಿ ಕೇಳಿದರೂ ಮಗುವಿಗೆ ಲಾಭವಿಲ್ಲ. ಬರೆಯುತ್ತಾ ಯೋಚಿಸುವುದನ್ನು ಕಲಿಯಲಿ ಎಂದೇ ಟೀಚರ್ ಆ ಕೆಲಸ ಕೊಟ್ಟಿರುತ್ತಾರೆ. ಮಗು ತಾನೇ ಹತ್ತು ಸಾಲು ಬರೆದು, ಆಮೇಲೆ ಕೇಳಲಿ: "ಇದು ನಾನು ಬರೆದದ್ದು. ತಿದ್ದಿ ಬರೆಯಬೇಡ. ಓದುವವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಎಂದು 3 ಜಾಗ ತೋರಿಸು, ಒಂದೊಂದಕ್ಕೂ ನನಗೆ ಒಂದು ಪ್ರಶ್ನೆ ಕೇಳು." ಪ್ರಶ್ನೆ ಕೇಳುವ ಕೆಲಸವನ್ನು ಹೀಗೆ ಅದಕ್ಕೆ ಒಪ್ಪಿಸಿದಾಗ ಬಹಳ ಚೆನ್ನಾಗಿ ನಡೆಯುತ್ತದೆ. ಬೇರೆ ವಿಷಯಗಳಿಗೂ ಕೊನೆಗೆ ಒಂದು ಸಾಲು ಸೇರಿಸುವ ಅಭ್ಯಾಸವಿರಲಿ: "ಉತ್ತರ ಕೊಡುವ ಮುಂಚೆ, ನಾನು ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಮೊದಲು ನನ್ನನ್ನು ಕೇಳು." ತಾನು ಬಿಟ್ಟ ಖಾಲಿ ಜಾಗ ಯಾವುದೆಂದು ಮಗುವಿಗೆ ಆಗ ಕಣ್ಣಿಗೆ ಕಾಣುತ್ತದೆ.

ಮೂರನೇ ವಾರದಿಂದ ನಿಮ್ಮ ಕೆಲಸ ಕಡಿಮೆ. ಪಕ್ಕದಲ್ಲಿ ಕೂತು ಎರಡೇ ಮಾತು ಕೇಳಿ: "ಇದರಲ್ಲಿ ನಿನಗೆ ಮೊದಲೇ ಗೊತ್ತಿದ್ದದ್ದು ಯಾವುದು?", "ಇದು ಸರಿ ಅಂತ ಹೇಗೆ ಗೊತ್ತು?" ಉತ್ತರವನ್ನು ಫೋನ್ ಮುಚ್ಚಿಟ್ಟು, ತನ್ನ ಮಾತಿನಲ್ಲಿ ನಿಮಗೆ ಹೇಳಿದ ಮೇಲೆಯೇ ನೋಟ್‌ಬುಕ್‌ಗೆ ಬರೆಯಲಿ. ಹೇಳಲು ತಡವರಿಸಿದ ಜಾಗವೇ ಅಂದಿನ ಮುಂದಿನ ಪ್ರಶ್ನೆ. ಪಾಠ ನಿಮಗೆ ಗೊತ್ತಿಲ್ಲದಿರುವುದು ಇಲ್ಲಿ ಒಳ್ಳೆಯದೇ, ನಿಮಗೆ ಅರ್ಥವಾಗುವಂತೆ ಹೇಳಬೇಕಾದರೆ ಮಗುವಿಗೆ ಮೊದಲು ಅರ್ಥವಾಗಿರಬೇಕು.

ವಯಸ್ಸು ಮತ್ತು ಖಾಸಗಿ ವಿವರಗಳ ಬಗ್ಗೆಯೂ ಹೇಳಬೇಕು. ಚಾಟ್‌ಜಿಪಿಟಿಯ ನಿಯಮದಂತೆ ಬಳಸುವವರಿಗೆ ಕನಿಷ್ಠ 13 ವರ್ಷ ಆಗಿರಬೇಕು, 18ರೊಳಗಿನವರಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು. ಬೇರೆ ಆ್ಯಪ್‌ಗಳ ನಿಯಮ ಬೇರೆ ಇರಬಹುದು, ಮೊದಲು ಓದಿಕೊಳ್ಳಿ. ಮಗನಿಗೆ 13 ತುಂಬಿಲ್ಲದಿದ್ದರೆ ಅವನು ಪ್ರಶ್ನೆ ಬರೆದುಕೊಡಲಿ, ಫೋನ್ ನಿಮ್ಮ ಕೈಯಲ್ಲಿರಲಿ, ಟೈಪ್ ಮಾಡುವವರು ನೀವಾಗಿರಿ. ಸ್ಪಷ್ಟವಾಗಿ ಕೇಳುವುದೆಂದರೆ ಎಲ್ಲವನ್ನೂ ಹೇಳುವುದು ಎಂದು ಮಕ್ಕಳು ತಿಳಿಯಬಾರದು. "ಏಳನೇ ತರಗತಿ, ಕನ್ನಡ ಮಾಧ್ಯಮ, ರಾಜ್ಯ ಪಠ್ಯಕ್ರಮ" ಎಂದರೆ ಉತ್ತರಕ್ಕೆ ಸಾಕು. ಪೂರ್ತಿ ಹೆಸರು, ಶಾಲೆಯ ಹೆಸರು, ಫೋನ್ ನಂಬರ್, ಆಧಾರ್, ಮನೆಯವರ ಫೋಟೊ ಹಾಕುವುದು ಬೇಡ. ಹೊಲದ ಲೆಕ್ಕ ಕೇಳುವಾಗ ಪಹಣಿಯ ಫೋಟೊ ಕಳಿಸಿಬಿಡುವುದು ಸುಲಭದ ದಾರಿ ಅನ್ನಿಸೀತು. ಅದರಲ್ಲಿ ಸರ್ವೆ ನಂಬರ್, ಖಾತೆದಾರರ ಹೆಸರು ಎಲ್ಲ ಇರುತ್ತದೆ. ಎಕರೆ, ಗುಂಟೆ ಮಾತ್ರ ಬೇರೆ ಕಾಗದದಲ್ಲಿ ಬರೆದುಕೊಂಡು ಕೇಳಲಿ.